ಅಕ್ಕಿಕಾಳಿನಷ್ಟು ಸೈನಿಕ, ಊಟದ ಮೇಜಿನಷ್ಟು ವಾಟರ್ಲೂ

ಒಂದು ಸೋನಾಮಸೂರಿ ಅಕ್ಕಿಕಾಳನ್ನು ನೆಟ್ಟಗೆ ನಿಲ್ಲಿಸಿದರೆ ಎಷ್ಟು ಎತ್ತರವೋ ಹೆಚ್ಚುಕಡಿಮೆ ಅಷ್ಟೇ ಎತ್ತರದ ಲೋಹದ ಸೈನಿಕ. ಅವನ ಹೆಗಲಿಗೆ ಕೋವಿ, ಬೆನ್ನಿಗೆ ಚೀಲ, ತಲೆಗೆ ಟೋಪಿ. ಮೇಜಿನ ಮೇಲೆ ಪುಟ್ಟ ಸೇನೆಗಳನ್ನು ಹೂಡಿ, ದಾಳ ಉರುಳಿಸಿ, ಅಳತೆಪಟ್ಟಿ ಹಿಡಿದು ಹಳೆಯ ಕದನಗಳನ್ನು ಮತ್ತೆ ಆಡುವ ವಾರ್‌ಗೇಮ್ ಹವ್ಯಾಸದಲ್ಲಿ ಇದನ್ನು 6 ಮಿ.ಮೀ. ಅಳತೆ ಎನ್ನುತ್ತಾರೆ. ಈ ಹವ್ಯಾಸದವರಲ್ಲಿ ಹೆಚ್ಚು ಬಳಕೆಯಲ್ಲಿರುವುದು 28 ಮಿ.ಮೀ. ಬೊಂಬೆಗಳು, ಅವುಗಳಲ್ಲಿ ಮೀಸೆಯ ತಿರುವು, ಅಂಗಿಯ ಗುಂಡಿ ಎಲ್ಲವೂ ಕಾಣುತ್ತದೆ. ಅಷ್ಟು ಚೆಂದದ್ದನ್ನು ಬಿಟ್ಟು ಅಕ್ಕಿಕಾಳಿನ ಹಿಂದೆ ಹೋಗುವವರು ಏಕಿದ್ದಾರೆ ಎಂಬುದಕ್ಕೆ ಉತ್ತರ ಒಂದು ಸರಳ ಲೆಕ್ಕದಲ್ಲಿದೆ. ಕೆಲಸವನ್ನೂ ಆ ಲೆಕ್ಕದಿಂದಲೇ ಆರಂಭಿಸಬೇಕು; ಬಣ್ಣ, ಬ್ರಷ್‌ಗಳ ಮಾತು ಆಮೇಲೆ.

ಮೊದಲು ನೆಲದ ಲೆಕ್ಕ

1815ರ ಜೂನ್ 18ರಂದು ಇಂದಿನ ಬೆಲ್ಜಿಯಂನ ವಾಟರ್ಲೂ ಬಳಿ ನೆಪೋಲಿಯನ್ ಮತ್ತು ವೆಲಿಂಗ್ಟನ್ ಎದುರುಬದುರಾದ ಕದನವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. (ಈ ವೆಲಿಂಗ್ಟನ್ ನಮಗೆ ಹೊಸಬನಲ್ಲ, 1799ರ ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನ್‌ಪೇಟೆ ತೋಪಿನಲ್ಲಿ ರಾತ್ರಿದಾಳಿಗೆ ಹೋಗಿ, ಕತ್ತಲಲ್ಲಿ ದಿಕ್ಕುತಪ್ಪಿ ಹಿಂದಿರುಗಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯೇ ಈತ.) ಎರಡೂ ಕಡೆಯ ಸಾಲುಗಳು ಸುಮಾರು 4 ಕಿ.ಮೀ. ಉದ್ದಕ್ಕೆ ಹರಡಿದ್ದವು, ನಡುವಿನ ತಗ್ಗು ಒಂದು ಕಿ.ಮೀ.ಗಿಂತ ತುಸು ಹೆಚ್ಚು. ಸುಮಾರು 600 ಜನರ ಒಂದು ಬ್ರಿಟಿಷ್ ಬೆಟಾಲಿಯನ್ ಎರಡು ಸಾಲಾಗಿ ನಿಂತರೆ ಅದು ಆವರಿಸುವ ಅಗಲ 150 ಮೀಟರ್‌ಗಿಂತ ಅಷ್ಟೇನೂ ದೂರವಿಲ್ಲ.

ಈಗ 60 ಮಿ.ಮೀ. ಅಗಲ, 30 ಮಿ.ಮೀ. ಆಳದ ಒಂದು ಹಲಗೆ ಚೂರನ್ನು ಒಂದು ಬೆಟಾಲಿಯನ್ ಎಂದುಕೊಳ್ಳಿ. ಆಟಗಾರರು ಇದನ್ನು ಬೇಸ್ ಎನ್ನುತ್ತಾರೆ. ಆಗ ಮೇಜಿನ 1 ಮಿ.ಮೀ. ಎಂದರೆ ನೆಲದ ಎರಡೂವರೆ ಮೀಟರ್, 4 ಕಿ.ಮೀ. ಉದ್ದದ ಸಾಲು ಎಂದರೆ 160 ಸೆಂ.ಮೀ. ಹೀಗೆ ಇಡೀ ವಾಟರ್ಲೂ ಕದನ ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಊಟದ ಮೇಜಿನ ಮೇಲೆ ಕೂರುತ್ತದೆ.

ಇದೇ ಬೇಸ್ ಮೇಲೆ 28 ಮಿ.ಮೀ. ಬೊಂಬೆಗಳನ್ನು ನಿಲ್ಲಿಸಿದರೆ ಒಂದು ಸಾಲಿನಲ್ಲಿ ಮೂವರಿಗೆ ಮಾತ್ರ ಜಾಗ. ಆ ಮೂವರು ಎಷ್ಟೇ ಸುಂದರವಾಗಿರಲಿ, ಬಸ್ಸಿಗೆ ಕಾಯುವವರ ಹಾಗೆ ಕಾಣುತ್ತಾರೆಯೇ ಹೊರತು 600 ಜನರ ಪಡೆಯ ಹಾಗೆ ಕಾಣುವುದಿಲ್ಲ. 6 ಮಿ.ಮೀ. ಆದರೆ ಹನ್ನೆರಡರಂತೆ ಎರಡು ಸಾಲು, ಒಟ್ಟು 24 ಸೈನಿಕರು ಒತ್ತಾಗಿ ನಿಲ್ಲುತ್ತಾರೆ. ಸಣ್ಣ ಅಳತೆಯ ಸೆಳೆತ ಇರುವುದು ಇಲ್ಲಿಯೇ: ನೋಡುವವನ ಕಣ್ಣು ಒಬ್ಬ ಸೈನಿಕನ ಮೇಲೆ ನಿಲ್ಲದೆ ಪಡೆಯ ಮೇಲೆ, ಪಡೆಯ ಆಚೆಗಿನ ದಿಣ್ಣೆಯ ಮೇಲೆ, ದಿಣ್ಣೆಯ ಹಿಂದೆ ಕಾದಿರಿಸಿದ ಕುದುರೆ ದಳದ ಮೇಲೆ ಹರಿಯುತ್ತದೆ. ದಂಡನಾಯಕನೂ ನೋಡಿದ್ದು ಹೀಗೆಯೇ ಅಲ್ಲವೇ?

ಈ ಮಾತನ್ನು ಬಹಳ ಹಿಂದೆಯೇ ಅರಿತಿದ್ದವನು ವಿಲಿಯಂ ಸೈಬೋರ್ನ್ ಎಂಬ ಬ್ರಿಟಿಷ್ ಸೇನಾಧಿಕಾರಿ. ಆತ 1830ರಲ್ಲಿ ರಣಭೂಮಿಯ ನಡುವಿನ ಲಾ ಹೇ ಸೇಂಟ್ ತೋಟದಮನೆಯಲ್ಲಿ ಎಂಟು ತಿಂಗಳು ತಂಗಿ, ನೆಲವನ್ನು ಅಳೆದು, ಕಾದಾಡಿದವರಿಗೆ ಪತ್ರ ಬರೆದು ವಿವರ ಕೇಳಿ, ಸುಮಾರು ಒಂದು ಸೆಂ.ಮೀ. ಎತ್ತರದ 70,000ಕ್ಕೂ ಹೆಚ್ಚು ಲೋಹದ ಬೊಂಬೆಗಳ ವಾಟರ್ಲೂ ಮಾದರಿಯನ್ನು ಕಟ್ಟಿಸಿದ. ಅದು 1838ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಗೊಂಡಿತು, ಇಂದು ಅಲ್ಲಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿದೆ. ಪಾಪ, ಆ ಮಾದರಿಯ ಖರ್ಚು ಅವನನ್ನು ಸಾಲಗಾರನನ್ನಾಗಿ ಮಾಡಿತು; ಹವ್ಯಾಸಿಗಳು ಇದನ್ನೂ ನೆನಪಿನಲ್ಲಿಡುವುದು ಒಳ್ಳೆಯದು.

ಬೊಂಬೆಗಳನ್ನು ತರಿಸುವುದು

ಈ ಅಳತೆಯ ಲೋಹದ ಬೊಂಬೆಗಳು ಹೆಚ್ಚಾಗಿ ಇಂಗ್ಲೆಂಡಿನಿಂದ ಅಂಚೆಯಲ್ಲಿ ಬರುತ್ತವೆ. ಬ್ರಿಟಿಷ್ ತಯಾರಕರಲ್ಲಿ 1:300 (ಅಂದರೆ ನಿಜದ ಅಳತೆಯ ಮುನ್ನೂರರಲ್ಲೊಂದು ಪಾಲು), ಅಮೆರಿಕನ್ನರಲ್ಲಿ 1:285 ಎಂಬ ಪ್ರಮಾಣ ರೂಢಿಯಲ್ಲಿದೆ. ಬೇರೆ ಬೇರೆ ಬೇಸ್‌ಗಳ ಮೇಲೆ ಇಟ್ಟರೆ ವ್ಯತ್ಯಾಸ ಅಷ್ಟಾಗಿ ಕಾಣದು. ಕಾಲಾಳುಗಳನ್ನು ಸಾಮಾನ್ಯವಾಗಿ ನಾಲ್ವರ ಪಟ್ಟಿಯಾಗಿ ಎರಕ ಹೊಯ್ದಿರುತ್ತಾರೆ. ಮೊದಲ ಸಲಕ್ಕೆ ಇಡೀ ಸೇನೆಯನ್ನು ತರಿಸಬೇಡಿ. ಎರಡು ಬೆಟಾಲಿಯನ್, ಒಂದು ಕುದುರೆ ದಳ, ಒಂದೆರಡು ಫಿರಂಗಿ ಸಾಕು.

ಗುರುತಿನವರ ಬಳಿ ರೆಸಿನ್ ಬಳಸುವ ತ್ರೀಡಿ ಪ್ರಿಂಟರ್ ಇದ್ದರೆ ಮನೆಯಲ್ಲೇ ಅಚ್ಚು ಮಾಡಿಕೊಳ್ಳಬಹುದು. ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ಕೆಟ್ಟದ್ದು, ಆದ್ದರಿಂದ ಕೈಗವಸು ಬೇಕೇ ಬೇಕು. ಹಳೆಯ ಲೋಹದ ಬೊಂಬೆಗಳಲ್ಲಿ ಸೀಸ ಇರಬಹುದಾದ್ದರಿಂದ ಅವನ್ನು ಉಜ್ಜಿದ ಮೇಲೆ ಕೈ ತೊಳೆಯದೆ ಕಾಫಿ ಲೋಟ ಹಿಡಿಯಬಾರದು.

ಬಣ್ಣ: ಸೈನಿಕನಿಗಲ್ಲ, ಪಡೆಗೆ

ಅಂಚುಗಳಲ್ಲಿ ಉಳಿದ ಲೋಹದ ಚೂರನ್ನು ಚಾಕುವಿನಿಂದ ಕೆರೆದು, ಸೋಪುನೀರಿನಲ್ಲಿ ತೊಳೆದು ಒಣಗಿಸಿ. ಐಸ್‌ಕ್ರೀಂ ಕಡ್ಡಿಯ ಮೇಲೆ ಫೆವಿಕಾಲ್ ಬೊಟ್ಟಿಟ್ಟು ಮೂರು ಪಟ್ಟಿಗಳನ್ನು ಸಾಲಾಗಿ ಕೂರಿಸಿದರೆ ಹಿಡಿಯಲು ಹಿಡಿಕೆ ಸಿಕ್ಕಂತಾಯಿತು. ಅದರ ಮೇಲೆ ಕಪ್ಪು ಪ್ರೈಮರ್, ಅಂದರೆ ಬಣ್ಣ ಚೆನ್ನಾಗಿ ಹಿಡಿಯಲೆಂದು ಮೊದಲು ಕೊಡುವ ಪದರ, ಹೊಡೆಯಿರಿ. ದೊಡ್ಡ ಬೊಂಬೆಗಳಿಗೆ ಬಿಳಿ ಪ್ರೈಮರ್ ಇಷ್ಟಪಡುವವರಿದ್ದಾರೆ. ಇಲ್ಲಿ ನನ್ನ ಮತ ಕಪ್ಪಿಗೆ. ಬ್ರಷ್ ಮುಟ್ಟದೆ ಉಳಿದ ಸಂದುಗಳೆಲ್ಲ ತಾವೇ ನೆರಳಾಗಿ, ಕೈಕಾಲುಗಳನ್ನು ಬೇರೆ ಬೇರೆಯಾಗಿ ತೋರಿಸುತ್ತವೆ. ಬಿಳಿಯ ಮೇಲೆ ಉಳಿದ ಸಂದು ತಪ್ಪಾಗಿಯೇ ಕಾಣುತ್ತದೆ.

ಬಣ್ಣದ ಆಯ್ಕೆಯಲ್ಲಿ ಹೊಸಬರು ಎಡವುವುದು ಹೆಚ್ಚು. ಮ್ಯೂಸಿಯಂನಲ್ಲಿರುವ ಸಮವಸ್ತ್ರದ ಬಣ್ಣವನ್ನೇ ತದ್ರೂಪು ಹಚ್ಚಿದರೆ ಈ ಅಳತೆಯಲ್ಲಿ ಅದು ಮಂಕಾಗಿಬಿಡುತ್ತದೆ, ಏಕೆಂದರೆ ಚಿಕ್ಕ ಮೇಲ್ಮೈಯಿಂದ ಕಣ್ಣಿಗೆ ಮರಳುವ ಬೆಳಕು ಬಹಳ ಕಡಿಮೆ. ಫ್ರೆಂಚರ ಕಡುನೀಲಿ ಕೋಟಿಗೆ ಎರಡು ಮೆಟ್ಟಿಲು ತಿಳಿಯಾದ ನೀಲಿಯನ್ನೂ, ಬ್ರಿಟಿಷರ ಕೋಟಿಗೆ ಕಣ್ಣು ಕೋರೈಸುವ ಕೆಂಪನ್ನೂ ಹಚ್ಚಬೇಕು. ಎಲ್ಲರ ಕೋಟು ಒಮ್ಮೆ, ಎಲ್ಲರ ಷರಾಯಿ ಒಮ್ಮೆ, ಎಲ್ಲರ ಮುಖ ಒಮ್ಮೆ ಎಂಬಂತೆ ಸಾಲಿನುದ್ದಕ್ಕೂ ಹೋಗಬೇಕೇ ಹೊರತು ಒಬ್ಬನನ್ನು ಪೂರ್ತಿ ಮುಗಿಸಿ ಇನ್ನೊಬ್ಬನನ್ನು ಹಿಡಿಯಬಾರದು. ಕಣ್ಣು, ಗುಂಡಿ, ಬೂಟಿನ ಲಾಡಿಗಳ ಆಸೆ ಬಿಡಿ. ಎದೆಯ ಮೇಲಿನ ಬಿಳಿ ಅಡ್ಡಪಟ್ಟಿಗಳನ್ನು ಮಾತ್ರ ಬಿಡಬೇಡಿ. ಒಂದು ಗಜ ದೂರದಿಂದ ಪಡೆಯ ಗುರುತು ಹೇಳುವುದು ಆ ಎರಡು ಗೆರೆಗಳೇ. ಮೇಲಿನಿಂದ ನೋಡುವ ಆಟವಾದ್ದರಿಂದ ಟೋಪಿ, ಹೆಗಲು, ಬೆನ್ನಚೀಲಗಳಿಗೆ ಮುಖಕ್ಕಿಂತ ಹೆಚ್ಚಿನ ಗಮನ ಸಲ್ಲಬೇಕು.

ಬ್ರಷ್ ಬಗ್ಗೆ ಒಂದು ಮಾತು. ಬೊಂಬೆ ಸಣ್ಣದೆಂದು ಮೂರು ಸೊನ್ನೆಯ ಬ್ರಷ್ ಕೊಂಡರೆ ಬಣ್ಣ ತುದಿಯಲ್ಲೇ ಒಣಗಿಹೋಗುತ್ತದೆ. ತುದಿ ಚೂಪಾಗಿ ಕೂಡುವ 0 ಅಥವಾ 1ನೇ ನಂಬರಿನ ಬ್ರಷ್ ಎಷ್ಟೋ ವಾಸಿ.

ನೆಲ ಮತ್ತು ಬಾವುಟ

ಕಡ್ಡಿಯಿಂದ ಬಿಡಿಸಿದ ಪಟ್ಟಿಗಳನ್ನು ಬೇಸ್ ಮೇಲೆ ಫೆವಿಕ್ವಿಕ್‌ನಿಂದ ಕೂರಿಸಿ, ನಡುವಿನ ಜಾಗಕ್ಕೆ ನೀರು ಬೆರೆಸಿದ ಫೆವಿಕಾಲ್ ಹಚ್ಚಿ, ಜರಡಿ ಹಿಡಿದ ಸಣ್ಣ ಮರಳು ಉದುರಿಸಿ. ಒಣಗಿದ ಮೇಲೆ ಕಡುಕಂದು ಹಚ್ಚಿ, ಬಳಿಕ ಬಣ್ಣವನ್ನು ಬಹುಪಾಲು ಒರೆಸಿ ತೆಗೆದ ಒಣಬ್ರಷ್‌ನಿಂದ ತಿಳಿಕಂದನ್ನು ಸವರಿ, ಅಲ್ಲಲ್ಲಿ ಹಸಿರು ಪುಡಿ ಹಾಕಿ. ವಾಟರ್ಲೂ ಆದರೆ ಕಂದು ಮುಂದಿರಲಿ. ಹಿಂದಿನ ರಾತ್ರಿಯ ಮಳೆಯಿಂದ ಅಂದು ನೆಲವೆಲ್ಲ ಕೆಸರಾಗಿತ್ತು. ಕಾಗದದ ಮೇಲೆ ಮುದ್ರಿಸಿದ ಬಾವುಟವನ್ನು ಲೆಕ್ಕಕ್ಕಿಂತ ತುಸು ದೊಡ್ಡದಾಗಿಯೇ ಕತ್ತರಿಸಿ ಅಂಟಿಸಬೇಕು.

ಕಟ್ಟಡಗಳ ವಿಷಯದಲ್ಲಿ ಒಂದು ತೊಡಕಿದೆ. ನಮ್ಮ ಸೈನಿಕ 1:300, ನೆಲ 1:2,500. ಹಾಗಾಗಿ 1:300ರ ತೋಟದಮನೆಯೊಂದನ್ನು ಇಟ್ಟರೆ ಅದು ಮೇಜಿನ ಮೇಲೆ ಒಂದು ಊರಿನಷ್ಟು ಜಾಗ ನುಂಗುತ್ತದೆ. ಬಲ್ಲವರು 3 ಅಥವಾ 2 ಮಿ.ಮೀ. ಅಳತೆಯ ಮನೆಗಳನ್ನು ಬಳಸುತ್ತಾರೆ. ಬಾಗಿಲು ಸೈನಿಕನ ಸೊಂಟಕ್ಕೆ ಬಂದರೂ ಆಟದ ನಡುವೆ ಯಾರ ಕಣ್ಣಿಗೂ ಅದು ಚುಚ್ಚುವುದಿಲ್ಲ. ಆ ಅಳತೆಗಳಲ್ಲಿ ಸೇನೆಗಳೂ ಸಿಗುತ್ತವೆ. 2 ಮಿ.ಮೀ. ಎಂದರೆ ರಾಗಿಕಾಳಿಗಿಂತ ಸ್ವಲ್ಪ ದೊಡ್ಡದು. ಅಲ್ಲಿ ಬಣ್ಣ ಹಚ್ಚುವುದು ಸೈನಿಕರಿಗಲ್ಲ, ಇಡೀ ಗುಂಪಿನ ಒಂದು ತುಂಡಿಗೆ. ಮೊದಲ ಪ್ರಯತ್ನಕ್ಕೆ 6ರಲ್ಲೇ ನಿಲ್ಲಿ ಎಂಬುದು ನನ್ನ ಸಲಹೆ.

ಕೊನೆಗೆ, ಎರಡು ಪದರ ಹೊಳಪಿಲ್ಲದ (ಮ್ಯಾಟ್) ವಾರ್ನಿಷ್ ಹೊಡೆದು, ಬೇಸ್ ಅಡಿಗೆ ಅಯಸ್ಕಾಂತದ ಹಾಳೆ ಅಂಟಿಸಿ, ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಜೋಡಿಸಿಡಿ. ಮೇಜಿನ ಮೇಲೆ ಸರಿಸುವಾಗ ಬೇಸ್ ಅಂಚನ್ನು ಹಿಡಿಯಬೇಕು, ಬೊಂಬೆಯನ್ನಲ್ಲ. ಕೋವಿಯ ತುದಿಯ ಬಯೋನೆಟ್ ಒಮ್ಮೆ ಬಾಗಿದರೆ ನೆಟ್ಟಗಾಗುತ್ತದೆ, ಎರಡನೆಯ ಸಲ ಮುರಿಯುತ್ತದೆ.