ರಾವಿಲೆ ಅಂದರೆ ರಾತ್ರಿ ಅಲ್ಲ

ನಮ್ಮ ಇಗರ್ಜಿಯ (ಚರ್ಚಿನ) ಬಾಗಿಲ ಪಕ್ಕ, ತೀರ್ಥದ ಬಟ್ಟಲಿನ ಮೇಲ್ಗಡೆ, ಒಂದು ಫ್ರೇಮು ಉಂಟು. ಒಳಗೆ ನಾಲ್ಕು ಸಾಲು, ನಮ್ಮ ಧರ್ಮಕೇಂದ್ರದ (ಇಗರ್ಜಿಗೆ ಸೇರಿದ ಮನೆಗಳ ಸಮುದಾಯದ) ಧ್ಯೇಯ. ‘ಕ್ರಿಸ್ತಕೇಂದ್ರಿತ, ಸಹಭಾಗಿ, ಪ್ರೇಷಿತ ಸಮುದಾಯವಾಗಿ’ ಅಂತ ಶುರುವಾಗುತ್ತದೆ. ಮುಂದಿನದ್ದು ನನಗೂ ಬಾಯಿಗೆ ಬರುವುದಿಲ್ಲ. ತಮಾಷೆ ಏನೆಂದರೆ, ಅದನ್ನು ಬರೆದ ಆರು ಜನರಲ್ಲಿ ನಾನೂ ಒಬ್ಬಳು.

ಆ ನಾಲ್ಕು ಸಾಲಿಗೆ ಮೂರು ಗಂಟೆ ಕೂತಿದ್ದೆವು. ‘ಸೇವೆ’ ಮೊದಲು ಬರಬೇಕೋ ‘ಸಾಕ್ಷಿ’ ಮೊದಲು ಬರಬೇಕೋ ಅಂತಲೇ ಮುಕ್ಕಾಲು ಗಂಟೆ. ಚಾ ಎರಡು ಸಲ ಬಂತು. ಹಬ್ಬದ ದಿನ ಫಾದರ್ ಅದನ್ನು ಆಶೀರ್ವದಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡು ತಿಂಗಳು ಬಿಟ್ಟು ಒಂದು ಭಾನುವಾರ ಪ್ರಸಂಗದ ನಡುವೆ ಫಾದರ್, “ನಮ್ಮ ಧರ್ಮಕೇಂದ್ರದ ಧ್ಯೇಯ ಏನು, ಯಾರಾದರೂ ಹೇಳ್ತೀರಾ?” ಅಂದರು. ಇಡೀ ಇಗರ್ಜಿ ಫ್ಯಾನಿನ ಸದ್ದು ಕೇಳುತ್ತಾ ಕೂತಿತು.

ನನ್ನ ಪರಿಚಯ ಸ್ವಲ್ಪ ಹೇಳಬೇಕು. ನಾನು ಕನ್ನಡ ಮಾಧ್ಯಮ ಶಾಲೆಯ ನಿವೃತ್ತ ಟೀಚರ್. ಊರು ಕಾಸರಗೋಡು ಜಿಲ್ಲೆಯಲ್ಲಿ, ಕುಂಬಳೆಯಿಂದ ಬದಿಯಡ್ಕದ ಕಡೆಗೆ ಹೋಗುವಾಗ ಒಳಗೆ ಸಿಗುತ್ತದೆ. ಧರ್ಮಕೇಂದ್ರ ಸಣ್ಣದು, 9 ವಾರ್ಡು. ಪಕ್ಕದ ಬೇಳದ ಶೋಕಮಾತೆಯ ಇಗರ್ಜಿ 1890ರದ್ದು, ಅದರ ಎದುರು ನಮ್ಮದು ಮೊನ್ನೆ ಮೊನ್ನೆಯದು. ನಾವು ಇರುವುದು ಕೇರಳದಲ್ಲಿ, ಆದರೆ ನಮ್ಮ ಬಿಷಪ್ ಮಂಗಳೂರಿನವರು. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ತುಳು, ಕಲಿತದ್ದು ಕನ್ನಡ, ಆಫೀಸಿಗೆ ಹೋದರೆ ಮಲಯಾಳ. 1956ರ ನವೆಂಬರ್ 1ರ ಮೊದಲು ನಾವು ದಕ್ಷಿಣ ಕನ್ನಡ ಜಿಲ್ಲೆಯವರೇ. ಈಗ 75 ದಾಟಿದವರು ಕನ್ನಡ ಶಾಲೆಗೆ ಹೋದವರು, ಇಲ್ಲವೇ ಶಾಲೆಗೇ ಹೋಗದವರು. ಅವರಲ್ಲಿ ತುಂಬ ಜನರಿಗೆ ಮಲಯಾಳ ಕಿವಿಗೆ ಬೀಳುತ್ತದೆ ಅಷ್ಟೆ, ಒಳಗೆ ಇಳಿಯುವುದಿಲ್ಲ.

ಇದೇ ನಮ್ಮ ಕೆಲಸ ಆಗುತ್ತದೆ ಅಂತ ಫ್ರೇಮು ತೂಗುಹಾಕಿದ ದಿನ ಯಾರಿಗೂ ಗೊತ್ತಿರಲಿಲ್ಲ.

ನಮ್ಮ ವಾರ್ಡಿನಲ್ಲಿ ಒಬ್ಬರು ಅಜ್ಜಿ. ಮಕ್ಕಳು ಗಲ್ಫಿನಲ್ಲಿ, ಮನೆಯಲ್ಲಿ ಅವರೊಬ್ಬರೇ. ಕಾಲು ಊದಿಕೊಂಡಿತು ಅಂತ ಪಕ್ಕದ ಮನೆಯವರು ಆಸ್ಪತ್ರೆಗೆ ಬಿಟ್ಟು ಬಂದರು. ಅಲ್ಲಿ ಮೂತ್ರ ಹೋಗುವ ಮಾತ್ರೆ ಕೊಟ್ಟರು. ಔಷಧ ಕೊಡುವ ಕಿಟಕಿಯಲ್ಲಿ ಹುಡುಗಿ “ರಾವಿಲೆ, ಅಮ್ಮಾ, ರಾವಿಲೆ” ಅಂತ ಎರಡು ಸಲ ಹೇಳಿದಳಂತೆ. ಮಲಯಾಳದಲ್ಲಿ ರಾವಿಲೆ ಅಂದರೆ ಬೆಳಗ್ಗೆ. ಅಜ್ಜಿಗೆ ಕೇಳಿದ್ದು ‘ರಾತ್ರೆ’. ಆ ಮಾತ್ರೆ ರಾತ್ರಿ ತಿಂದರೆ ನಿದ್ರೆ ಎಲ್ಲಿಯದು, ಗಂಟೆಗೊಮ್ಮೆ ಏಳಬೇಕು. ಅವರ ಪಾಯಿಖಾನೆ ಹೊರಗೆ. ಜುಲೈ ತಿಂಗಳು, ಅಂಗಳ ತುಂಬ ಹಾವಸೆ. ನಾಲ್ಕನೇ ಸಲ ಎದ್ದಾಗ ಜಾರಿ ಬಿದ್ದರು. ಬೆಳಗ್ಗೆ ಹಾಲಿನ ಹುಡುಗ ನೋಡುವವರೆಗೆ ಮಳೆಯಲ್ಲೇ ಬಿದ್ದಿದ್ದರು.

ಸೊಂಟದ ಮೂಳೆ ಮುರಿದಿತ್ತು. ನಾನು ನೋಡಲು ಹೋದಾಗ ಮಾತ್ರೆಯ ಚೀಟಿ ತೋರಿಸಿ ಕೇಳಿದರು: “ಟೀಚರ್, ನಾನು ಸರಿಯಾಗಿಯೇ ತಿಂದದ್ದಲ್ವಾ?” ಚೀಟಿಯಲ್ಲಿ ಮಲಯಾಳದಲ್ಲಿ ಸ್ಪಷ್ಟವಾಗಿ ಬರೆದಿತ್ತು. ನಾನು ಉತ್ತರ ಕೊಡಲಿಲ್ಲ. ಅವರ ಮನೆಯಿಂದ ನನ್ನ ಮನೆಗೆ ಐದು ನಿಮಿಷದ ದಾರಿ. ನನಗೆ ಮಲಯಾಳ ಓದಲು ಬರುತ್ತದೆ. ಪ್ರತಿ ಭಾನುವಾರ ಪೂಜೆಯಲ್ಲಿ ಅವರ ಹಿಂದಿನ ಬೆಂಚಿನಲ್ಲೇ ನಾನು ಕೂರುವುದು.

ಮುಂದಿನ ಪಾಲನಾ ಪರಿಷತ್ತಿನ (ಧರ್ಮಕೇಂದ್ರದ ಸಲಹಾ ಸಮಿತಿಯ) ಮೀಟಿಂಗಿನಲ್ಲಿ ಗ್ರೊಟ್ಟೊಗೆ (ಮಾತೆಯ ಗುಹೆಗೆ) ಟೈಲ್ಸ್ ಹಾಕುವ ವಿಷಯ ಇತ್ತು. ನಾನು ಕಾರ್ಯದರ್ಶಿ, ವರದಿ ಓದಿ ಮುಗಿಸಿ ಈ ಕತೆ ಹೇಳಿದೆ. ಎಲ್ಲರೂ “ಪಾಪ” ಅಂದರು. ಆಮೇಲೆ ಟೈಲ್ಸ್.

ಅಷ್ಟರಲ್ಲಿ ಸಿನೊಡಿನ (ಚರ್ಚಿನ ಸಮಾಲೋಚನಾ ಸಭೆಯ) ಪ್ರಶ್ನೆಗಳು ಬಂದವು. 2021ರ ಅಕ್ಟೋಬರಿನಲ್ಲಿ ಪೋಪ್ ಫ್ರಾನ್ಸಿಸ್ ಶುರು ಮಾಡಿದ ಸಿನೊಡ್, ಲೋಕದ ಎಲ್ಲ ಧರ್ಮಕೇಂದ್ರಗಳಲ್ಲೂ ಜನರ ಮಾತು ಕೇಳಿಸಿಕೊಳ್ಳಬೇಕು ಅಂತ ಹೊರಟದ್ದು. ನಮ್ಮ ಜೊತೆ ನಡೆಯುತ್ತಿರುವವರು ಯಾರು, ಬದಿಗೆ ಉಳಿದವರು ಯಾರು, ಆ ಥರದ ಪ್ರಶ್ನೆಗಳು. ನಿಜ ಹೇಳಬೇಕೆಂದರೆ ಹೆಚ್ಚಿನವರು ಅದನ್ನು ಫಾರಂ ತುಂಬುವ ಕೆಲಸ ಅಂತಲೇ ನೋಡಿದರು, ನಾನೂ. ಆದರೆ ವಾರ್ಡ್ ಮೀಟಿಂಗಿಗೆ ಹೋಗಿ “ನಮ್ಮ ಧ್ಯೇಯ ಏನಾಗಬೇಕು?” ಅಂತ ಕೇಳಿದರೆ ಪುನಃ ಫ್ರೇಮಿನ ಭಾಷೆಯೇ ಹೊರಗೆ ಬರುತ್ತದೆ ಅಂತ ಆಗಲೇ ಗೊತ್ತಾಗಿತ್ತು. ಆ ಪ್ರಶ್ನೆ ಕೇಳಿದ ಕೂಡಲೇ ಜನ ಪಾದ್ರಿಗಳ ಹಾಗೆ ಮಾತಾಡಲು ಶುರು ಮಾಡುತ್ತಾರೆ ಮಾರಾಯ್ರೆ! ಹಾಗಾಗಿ ನಾನು ಮತ್ತು ಇಬ್ಬರು ಗುರ್ಕಾರರು (ವಾರ್ಡಿನ ಮುಖ್ಯಸ್ಥರಿಗೆ ನಾವು ಹಾಗೆ ಹೇಳುವುದು) ಸೇರಿ ಬೇರೆ ಎರಡು ಪ್ರಶ್ನೆ ಇಟ್ಟುಕೊಂಡೆವು. ಕಳೆದ ಮೂರು ತಿಂಗಳಲ್ಲಿ ನೀವು ಯಾರನ್ನು ಎಲ್ಲಿಗೆ ಕರೆದುಕೊಂಡು ಹೋದಿರಿ? ನಿಮ್ಮನ್ನು ಯಾರು ಕರೆದುಕೊಂಡು ಹೋದರು?

ಶಾಲೆಯಿಂದ ತಂದ ಹಳೆಯ ಚಾರ್ಟಿನ ಹಿಂಬದಿಯಲ್ಲಿ ಬರೆಯುತ್ತಾ ಹೋದೆ. ಮಾತು ನಿಲ್ಲಲೇ ಇಲ್ಲ. ಒಬ್ಬರು ತಲಪಾಡಿಯ ಕತೆ ತೆಗೆದರು. 2020ರ ಮಾರ್ಚಿನಲ್ಲಿ ಕರ್ನಾಟಕದವರು ಗಡಿಯ ದಾರಿಗಳಿಗೆ ಮಣ್ಣು ಸುರಿದು ಬಂದ್ ಮಾಡಿದ್ದು, ಮಂಗಳೂರಿನ ಡಯಾಲಿಸಿಸ್ ನಂಬಿಕೊಂಡವರು ಇಲ್ಲೇ ಸಿಕ್ಕಿಹಾಕಿಕೊಂಡದ್ದು, ಆಗ ನಮ್ಮವರೇ ನಾಲ್ಕು ಹುಡುಗರು ಫೋನಿನಲ್ಲಿ ವಿಚಾರಿಸಿ ವಿಚಾರಿಸಿ ಈ ಕಡೆಯ ಆಸ್ಪತ್ರೆಗಳಲ್ಲಿ ಜಾಗ ಹುಡುಕಿದ್ದು. ಆ ಹುಡುಗರಲ್ಲಿ ಒಬ್ಬ ಅಲ್ಲೇ ಕೂತಿದ್ದ. ಪೂಜೆಗೆ ಬಂದರೂ ಹೊರಗೆ ಮೆಟ್ಟಿಲಲ್ಲೇ ನಿಲ್ಲುವ ಹುಡುಗ. “ಆ ನಂಬರೆಲ್ಲ ಈಗಲೂ ನನ್ನ ಮೊಬೈಲಿನಲ್ಲಿ ಉಂಟು ಟೀಚರ್” ಅಂದ.

9 ವಾರ್ಡಿನ ಚಾರ್ಟನ್ನೂ ಇಗರ್ಜಿಯ ಹಾಲಿನಲ್ಲಿ ಅಕ್ಕಪಕ್ಕ ಅಂಟಿಸಿದೆವು. ಆಸ್ಪತ್ರೆ, ಪಂಚಾಯತು, ಬ್ಯಾಂಕು, ಸರಕಾರಿ ಅರ್ಜಿಗಳ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರ. ಎಲ್ಲದರಲ್ಲೂ ಅದೇ. ಕರೆದುಕೊಂಡು ಹೋದವರು ಅದೇ ಹತ್ತಿಪ್ಪತ್ತು ಹೆಸರು, ಹೋಗಲಾರದೆ ಮನೆಯಲ್ಲಿ ಉಳಿದವರು ತುಂಬ. ಆ ಭಾನುವಾರ ಫಾದರ್ ಮಾರ್ಕನ ಸುವಾರ್ತೆಯ ಎರಡನೇ ಅಧ್ಯಾಯ ತೆಗೆದುಕೊಂಡರು. ಪಾರ್ಶ್ವವಾಯು ಬಡಿದವನನ್ನು ನಾಲ್ಕು ಜನ ಹೊತ್ತು ತಂದು, ಗುಂಪಿನಲ್ಲಿ ದಾರಿ ಸಿಗದೆ, ಮನೆಯ ಮಾಡು ಬಿಚ್ಚಿ ಯೇಸುವಿನ ಎದುರು ಇಳಿಸಿದ್ದು. “ಆ ನಾಲ್ವರ ಹೆಸರು ಎಲ್ಲಿಯೂ ಇಲ್ಲ, ಅವರು ಏನಾದರೂ ಮಾತಾಡಿದರು ಅಂತಲೂ ಇಲ್ಲ” ಅಂದರು. ಪ್ರಸಂಗ ಅಂದು ಆರು ನಿಮಿಷದಲ್ಲಿ ಮುಗಿಯಿತು. ಆ ಫಾದರಿಗೆ ಅದು ದಾಖಲೆ.

ಹಾಗೆ ಶುರು ಮಾಡಿದೆವು. ಪ್ರತಿ ವಾರ್ಡಿಗೆ ಒಂದು ನೋಟ್‌ಬುಕ್, ಇಬ್ಬರು ಹೊಣೆಗಾರರು, ಒಂದು ಆಟೋ ಅಥವಾ ಕಾರು. ಆಸ್ಪತ್ರೆಗೆ ಹೋಗುವುದಾದರೆ ಒಬ್ಬರೇ ಹೋಗುವ ಹಾಗಿಲ್ಲ, ಇಬ್ಬರು ಬೇಕು. ಒಬ್ಬರು ಕ್ಯೂನಲ್ಲಿ, ಒಬ್ಬರು ಅಜ್ಜಿಯ ಪಕ್ಕ. ಮಾತ್ರೆಯ ಕವರಿನ ಮೇಲೆ ಅಲ್ಲೇ, ಕಿಟಕಿಯ ಎದುರೇ ನಿಂತು, ಕನ್ನಡದಲ್ಲಿ ಬರೆಯಬೇಕು. ಓದು ಬಾರದವರಿಗೆ ಸೂರ್ಯ, ಚಂದ್ರನ ಚಿತ್ರ. ರಜೆಗೆ ಬಂದಿದ್ದ ನರ್ಸ್ ಹುಡುಗಿಯೊಬ್ಬಳು ಎರಡು ಶನಿವಾರ ಕೂತು ಡಿಸ್ಚಾರ್ಜ್ ಚೀಟಿ ಓದುವುದು ಹೇಗೆ, ಬಿಪಿ ನೋಡುವುದು ಹೇಗೆ ಅಂತ ಕಲಿಸಿದಳು. “ಸಂಶಯ ಬಂದರೆ ಪಂಚಾಯತಿನ ಪಾಲಿಯೇಟಿವ್ ನರ್ಸಿಗೆ ಫೋನ್ ಮಾಡಿ. ನೀವೇ ಡಾಕ್ಟರ್ ಆಗಬೇಡಿ” ಅಂತ ಗದರಿಸಿಯೇ ಹೇಳಿದಳು. ಅದನ್ನು ಎಲ್ಲ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅಂಟಿಸಿದ್ದೇವೆ. ಎಟಿಎಂ ಕಾರ್ಡನ್ನು ಮುಟ್ಟಲೇಬಾರದು ಅನ್ನುವುದನ್ನು ಆಮೇಲೆ ಸೇರಿಸಿದ್ದು. ಯಾಕೆ ಸೇರಿಸಬೇಕಾಯಿತು ಅಂತ ಇಲ್ಲಿ ಬರೆಯುವುದಿಲ್ಲ.

ಆಫೀಸಿನ ಕೆಲಸದಲ್ಲಿ ನನಗೆ ತುಂಬ ಉಪಯೋಗಕ್ಕೆ ಬಂದದ್ದು 1969ರ ಕೇರಳ ರಾಜಭಾಷಾ ಕಾಯ್ದೆ. ಕನ್ನಡ ಭಾಷಾ ಅಲ್ಪಸಂಖ್ಯಾತರು ನಮ್ಮ ಕಡೆಯ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು ಅಂತ ಅದರಲ್ಲಿ ಉಂಟು. ಜಗಳ ಬೇಡ, ನಗುತ್ತಾ ಹೇಳಿದರೆ ಸಾಕು, ಕನ್ನಡ ಗೊತ್ತಿರುವ ಒಬ್ಬರು ಒಳಗಿನಿಂದ ಎದ್ದು ಬರುತ್ತಾರೆ.

ವಿರೋಧ ಬರಲಿಲ್ಲ ಅಂತಲ್ಲ. “ಇದು ಪಂಚಾಯತಿನ ಕೆಲಸ, ಇಗರ್ಜಿಯದ್ದಲ್ಲ. ನಾವು ಪ್ರಾರ್ಥನೆ ಬಿಟ್ಟು ಸಮಾಜಸೇವೆಗೆ ಹೊರಟರೆ ಹೇಗೆ?” ಅಂತ ಹಿರಿಯರೊಬ್ಬರು ಎಲ್ಲರ ಎದುರು ಕೇಳಿದರು. ಅದು ಸುಮ್ನೆ ತಳ್ಳಿಹಾಕುವ ಮಾತಲ್ಲ. ನನಗೂ ಒಳಗಿಂದೊಳಗೆ ಆ ಪ್ರಶ್ನೆ ಇತ್ತು. ವಾದ ಮಾಡಲು ಹೋಗಲಿಲ್ಲ, ಅವರ ವಾರ್ಡಿನ ನೋಟ್‌ಬುಕ್ ಅವರ ಹೆಂಡತಿಯ ಕೈಗೆ ಕೊಟ್ಟೆವು. ಈಗ ಬೆಳಗ್ಗಿನ ಟ್ರಿಪ್ಪಿಗೆ ಕಾರು ಹೊರಗೆ ತೆಗೆಯುವವರು ಅವರೇ. ತಿರುಗಿ ಬರುವಾಗ ಕಾರಿನಲ್ಲಿ ಎಲ್ಲರಿಂದಲೂ ತೇರ್ಸ್ (ಜಪಮಾಲೆ) ಹೇಳಿಸುತ್ತಾರೆ ಅಂತ ದೂರು ಮಾತ್ರ ಉಂಟು!

ನಮ್ಮವರಿಗೆ ಮಾತ್ರವೋ ಎಲ್ಲರಿಗೋ ಅನ್ನುವುದು ಇನ್ನೊಂದು ಪ್ರಶ್ನೆ. ದಾರಿಯಲ್ಲಿ ಸಿಗುವ ಮನೆ ಯಾವುದಾದರೂ ಸರಿ ಅಂತ ತೀರ್ಮಾನ ಮಾಡಿದೆವು. ಆದರೆ ಬೈಬಲು ಹಿಡಿದು ಹೋಗುವುದು ಬೇಡ, ಕೇಳದೆ ಪ್ರಾರ್ಥನೆ ಬೇಡ. ಒಂದು ಮನೆಯ ಅಮ್ಮ ಬಾಗಿಲು ಅರ್ಧ ತೆರೆದು, “ಬಾಯಮ್ಮಾ, ನೀವು ಪ್ರಾರ್ಥನೆ ಮಾಡ್ಲಿಕ್ಕೆ ಬಂದದ್ದಾ?” ಅಂತ ಕೇಳಿದರು. “ಅಲ್ಲ ಅಮ್ಮಾ, ಪೆನ್ಶನಿನ ಮಸ್ಟರಿಂಗ್ ಮಾಡಿಸ್ಲಿಕ್ಕೆ” ಅಂದೆ (ಪೆನ್ಶನ್ ಸಿಗುವವರು ಬೆರಳಚ್ಚು ಒತ್ತಿ, ಬದುಕಿದ್ದೇವೆ ಅಂತ ತೋರಿಸುವುದು). ಬಾಗಿಲು ಪೂರ್ತಿ ತೆರೆಯಿತು, ಬೆಲ್ಲ ನೀರು ಬಂತು.

ಎಣ್ಮಕಜೆ ಕಡೆಯ ಒಂದು ಮನೆಯನ್ನು ನಾನು ಮರೆಯಲಾರೆ. ಅಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ್ದು 1970ರ ದಶಕದ ಕೊನೆಯಿಂದ 2000ದವರೆಗೆ. ಸುಪ್ರೀಂ ಕೋರ್ಟು ದೇಶದಲ್ಲೇ ನಿಲ್ಲಿಸಿದ್ದು 2011ರಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಬೇಕು ಅಂತ ತೀರ್ಪು ಬಂದದ್ದು 2017ರಲ್ಲಿ. ಆ ಮನೆಯ ಮಗನಿಗೆ ಮೂವತ್ತು ದಾಟಿದೆ, ಹಾಸಿಗೆಯಲ್ಲೇ. ನಾವು ಅಕ್ಕಿ, ಬೇಳೆ, ಡೈಪರ್ ಎಲ್ಲ ಕಟ್ಟಿಕೊಂಡು ಹೋಗಿದ್ದೆವು. ಅವನ ತಾಯಿ ಆ ಚೀಲಗಳನ್ನು ನೋಡಲೂ ಇಲ್ಲ. “ಎರಡು ಗಂಟೆ ಇವನ ಹತ್ತಿರ ಕೂತುಕೊಳ್ತೀರಾ? ನನಗೆ ಬ್ಯಾಂಕಿಗೆ ಹೋಗ್ಲಿಕ್ಕುಂಟು. ಹಾಗೇ ಪೇಟೆಯಲ್ಲಿ ಒಂದು ಚಾ ಕುಡಿದು ಬರ್ತೇನೆ” ಅಂದರು. ಹೋದರು. ನಾವಿಬ್ಬರು ಹೆಂಗಸರು ಅವನ ಪಕ್ಕ ಕೂತು ನೊಣ ಓಡಿಸಿದೆವು, ರೇಡಿಯೊ ಹಾಕಿದೆವು. ಅವರು ಬರುವಾಗ ಎರಡೂವರೆ ಗಂಟೆ ಆಗಿತ್ತು, ತಲೆಯಲ್ಲಿ ಮಲ್ಲಿಗೆ ಇತ್ತು. ಆ ಮನೆಗೆ ಈಗ ತಿಂಗಳಲ್ಲಿ ಎರಡು ಮಂಗಳವಾರ ಹೋಗುತ್ತೇವೆ, ಚೀಲ ಇಲ್ಲದೆ.

ನಾನು ಮಾಡಿದ ದೊಡ್ಡ ತಪ್ಪು ಹೇಳಿಬಿಡುತ್ತೇನೆ. ಮೊದಲ ಎಂಟು ತಿಂಗಳು ಎಲ್ಲ ಫೋನೂ ನನಗೇ ಬರುವ ಹಾಗೆ ಮಾಡಿಟ್ಟಿದ್ದೆ. ಟೀಚರ್ ಬುದ್ಧಿ, ಹಾಜರಿ ನಾನೇ ಕರೆಯಬೇಕು. ಮಳೆಗಾಲದಲ್ಲಿ ನನಗೆ ಡೆಂಗಿ ಬಂತು. ಮೂರು ವಾರ ಮಲಗಿದೆ. ಆ ಮೂರು ವಾರ ಒಂದೇ ಒಂದು ಆಟೋ ಹೊರಡಲಿಲ್ಲ. ಹುಷಾರಾಗಿ ಎದ್ದ ಮೇಲೆ ಸಿಟ್ಟು ಬಂತು, ಇಷ್ಟು ಜನ ಇದ್ದು ಒಬ್ಬರಾದರೂ ಎದ್ದು ಮಾಡಬಾರದಿತ್ತಾ ಅಂತ. ಮೆಟ್ಟಿಲ ಮೇಲೆ ನಿಲ್ಲುವ ಆ ಹುಡುಗನೇ ಹೇಳಿದ, “ಟೀಚರ್, ನಂಬರೆಲ್ಲ ನಿಮ್ಮ ಹತ್ತಿರವೇ ಇದ್ದದ್ದಲ್ವಾ?” ಅಂದೇ ಸಂಜೆ ವಾರ್ಡುಗಳ ನಂಬರನ್ನು ಬೇರೆ ಬೇರೆ ಮಾಡಿದೆವು. ಈಗ ಎಷ್ಟು ಟ್ರಿಪ್ ಆಯಿತು ಅಂತ ನನಗೆ ತಿಂಗಳ ಕೊನೆಗೆ ಗೊತ್ತಾಗುತ್ತದೆ, ಕೆಲವು ಸಲ ಗೊತ್ತೇ ಆಗುವುದಿಲ್ಲ.

ಅಡಿಕೆ ಕೊಯ್ಲಿನ ಸಮಯ ಡ್ರೈವರುಗಳು ಸಿಗುವುದಿಲ್ಲ, ಅದಕ್ಕೆ ಇನ್ನೂ ದಾರಿ ಕಂಡುಕೊಂಡಿಲ್ಲ.

ಆಮೇಲೆ ಫಾದರಿಗೆ ವರ್ಗವಾಯಿತು. ಇದು ಎಲ್ಲ ಧರ್ಮಕೇಂದ್ರದ ಕತೆ. ಒಬ್ಬರು ಬಂದು ಒಂದು ಹುಮ್ಮಸ್ಸು ಹಚ್ಚುತ್ತಾರೆ, ವರ್ಷಗಳು ಬಿಟ್ಟು ಇನ್ನೊಬ್ಬರು ಬಂದು ಬೇರೆಯದು. ಚರ್ಚ್ ಕಾನೂನಿನ 536ನೇ ವಿಧಿ ಪ್ರಕಾರ ಪಾಲನಾ ಪರಿಷತ್ತಿಗೆ ಇರುವುದು ಸಲಹೆ ಕೊಡುವ ಅಧಿಕಾರ ಮಾತ್ರ, ಅಧ್ಯಕ್ಷರು ವಿಗಾರರೇ, ಅಂದರೆ ಫಾದರೇ. ಹೊಸ ಫಾದರ್ ಬೇಡ ಅಂದರೆ ಮುಗಿಯಿತು. ಮೊದಲ ಮೀಟಿಂಗಿಗೆ ನಾನು 9 ನೋಟ್‌ಬುಕ್ಕನ್ನೂ ಜೋಡಿಸಿಕೊಂಡು, ಮಾತೆಲ್ಲ ಬರೆದುಕೊಂಡು ಹೋಗಿದ್ದೆ. ಫಾದರ್ ಒಂದು ನೋಟ್‌ಬುಕ್ ತೆಗೆದು ಐದಾರು ಪುಟ ತಿರುವಿದರು. “ಟೀಚರ್, ಇವತ್ತು ಬೆಳಗ್ಗೆ ಆರೂವರೆಗೆ ಬಂಗ್ಲೆಯ ಎದುರು ಆಟೋ ನಿಂತಿತ್ತು. ಇಬ್ಬರು ಹೆಂಗಸರು ಅಡುಗೆಯ ಬಾಯಮ್ಮನನ್ನೇ ಹತ್ತಿಸಿಕೊಂಡು ಹೋದರು, ಕಣ್ಣು ತೋರಿಸ್ಲಿಕ್ಕೆ ಅಂತ. ನನಗೆ ತಿಂಡಿ ಇಲ್ಲ. ಈಗ ನೀವು ನನ್ನ ಒಪ್ಪಿಗೆ ಕೇಳ್ತಿದ್ದೀರಿ” ಅಂದರು. ನಾನು ಬರೆದದ್ದನ್ನು ಮಡಚಿ ಪರ್ಸಿನಲ್ಲಿ ಇಟ್ಟೆ.

ಫ್ರೇಮು ಇನ್ನೂ ಅಲ್ಲೇ ಉಂಟು, ಗಾಜಿನೊಳಗೆ ಸ್ವಲ್ಪ ಗೆದ್ದಲು. ಸೊಂಟ ಮುರಿದ ಅಜ್ಜಿ ವಾಕರ್ ಹಿಡಿದು ಅಂಗಳದವರೆಗೆ ಬರುತ್ತಾರೆ. ಇದೇ ಬುಧವಾರ ಅವರದ್ದೇ ಮಸ್ಟರಿಂಗ್. ಎಷ್ಟೋ ವರ್ಷ ಬೀಡಿ ಕಟ್ಟಿದ ಕೈ, ಬೆರಳಚ್ಚು ಬೀಳುವುದಿಲ್ಲ. ಕಳೆದ ಸಲ ಮೂರು ಸಲ ಒತ್ತಿಸಿ ಕೊನೆಗೆ ಪಂಚಾಯತಿಗೆ ಜೀವಂತ ಇದ್ದಾರೆ ಅಂತ ಪ್ರಮಾಣಪತ್ರ ಕೊಟ್ಟು ಬಂದಿದ್ದೆವು. ಹಾಸಿಗೆ ಹಿಡಿದವರಾದರೆ ಅಕ್ಷಯದವರೇ ಮನೆಗೆ ಬರುತ್ತಾರೆ, ಆದರೆ ಅಜ್ಜಿ ಒಪ್ಪುವುದಿಲ್ಲ. “ನಾನು ಹಾಸಿಗೆ ಹಿಡಿದವಳಲ್ಲ, ಆಟೋ ತನ್ನಿ” ಅಂತಾರೆ. ಎಷ್ಟು ಗಂಟೆಗೆ ಅಂತ ಕೇಳಿದರೆ, ಬಾಯಿ ತುಂಬ ನಗುತ್ತಾ, “ರಾವಿಲೆ.”