ಲೈಸೆನ್ಸ್ ಬದಲು ಕ್ಲಬ್ ಕಾರ್ಡ್ ಕೊಟ್ಟೆ: ನನ್ನ ಅನುಭವ

ಇದು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2014ರ ಕಾನೂನು ಬರುವ ಮುಂಚಿನ ಮಾತು. ಅತಿವೇಗಕ್ಕೆ ಟಿಕೆಟ್ (ದಂಡದ ನೋಟಿಸ್) ಬಿದ್ದರೆ ಪೊಲೀಸರು ಜಾಮೀನಾಗಿ ಲೈಸೆನ್ಸನ್ನೇ ಇಟ್ಟುಕೊಳ್ಳುತ್ತಿದ್ದರು, ಇಲ್ಲವೇ ನಗದು ಕಟ್ಟಬೇಕಿತ್ತು. ನನಗೂ ಹಾಗೆ ಟಿಕೆಟ್ ಬಿತ್ತು. ಮರುದಿನ ನಾನು ಬೇರೆ ಊರಲ್ಲಿ ಬಾಡಿಗೆ ಕಾರು ತೆಗೆದುಕೊಳ್ಳಬೇಕು. ಲೈಸೆನ್ಸ್ ಇಲ್ಲದೆ ಯಾರು ಕೊಡುತ್ತಾರೆ?

ಆಗ ಕೈಹಿಡಿದದ್ದು ಎಎಎ ಎಂಬ ವಾಹನ ಸವಾರರ ಮೋಟಾರ್ ಕ್ಲಬ್ಬಿನ ಸದಸ್ಯತ್ವದ ಕಾರ್ಡ್. ಅದೇ ಬಾಂಡ್ ಕಾರ್ಡ್ ಕೂಡ, ಅಂದರೆ ಲೈಸೆನ್ಸ್ ಬದಲು ಜಾಮೀನಾಗಿ ಕೊಡಬಹುದಾದ ಕಾರ್ಡ್. ಅಧಿಕಾರಿ ಹಿಂದೆ ಮುಂದೆ ತಿರುಗಿಸಿ, ಅವಧಿ ಮುಗಿದಿಲ್ಲವೆಂದು ನೋಡಿಕೊಂಡು, ಟಿಕೆಟ್ ಪ್ರತಿಯ ಜೊತೆ ಸೇರಿಸಿಟ್ಟುಕೊಂಡರು. ಲೈಸೆನ್ಸ್ ನನ್ನ ಕೈಗೆ ಬಂತು.

ಇದರಿಂದ ದಂಡವೇನೂ ಮನ್ನಾ ಆಗುತ್ತಿರಲಿಲ್ಲ. ನಾವು ಕೋರ್ಟಿಗೆ ಉತ್ತರ ಕೊಡುತ್ತೇವೆಂಬುದಕ್ಕೆ ಕ್ಲಬ್ ಹೊಣೆ ನಿಲ್ಲುತ್ತಿತ್ತು, ಅಷ್ಟೇ. ಕುಡಿದು ಓಡಿಸಿದವರಿಗೆ ಈ ಸೌಲಭ್ಯವಿರಲಿಲ್ಲ, ಅದು ನ್ಯಾಯವೇ. ಗಡುವಿನೊಳಗೆ ದಂಡ ಕಟ್ಟಿದೆ, ಕಾರ್ಡ್ ವಾಪಸ್ ಬಂತು. 2014ರ ಆ ಕಾನೂನು ಬಂದ ಮೇಲೆ ಈಗ ಅಲ್ಲಿ ಸಾಮಾನ್ಯ ಟಿಕೆಟ್‌ಗೆ ಸಹಿ ಹಾಕಿದರೆ ಸಾಕು.