ಜೀಪಿನ ಫ್ಲೋರ್: ಮೊದಲು ನೀರು, ಆಮೇಲೆ ಸದ್ದು

ನಮ್ಮ ಹಳೇ ಡೀಸೆಲ್ ಜೀಪಿನಲ್ಲಿ ಪಕ್ಕದವರ ಜೊತೆ ಮಾತಾಡಬೇಕೆಂದರೆ ಕೂಗಬೇಕಿತ್ತು. ಮಂಡ್ಯದಿಂದ ಮೇಲುಕೋಟೆಗೆ ಹೋಗಿ ಬರುವಷ್ಟರಲ್ಲಿ ತಲೆ ದಿಮ್ಮೆನ್ನುತ್ತಿತ್ತು. ಹಾಗಾಗಿ ಫ್ಲೋರ್ ಕೆಲಸಕ್ಕೆ ನಾನೇ ಕೈ ಹಾಕಿದೆ. ಆದರೆ ಸದ್ದಿಗಿಂತ ಮೊದಲು ಯೋಚಿಸಬೇಕಾದ್ದು ನೀರು. ಗದ್ದೆ ಬದಿ, ಕಾಲುವೆ ಏರಿ, ಕನ್ನಂಬಾಡಿ ಹಿನ್ನೀರಿನ ದಂಡೆ ಅಂತ ತಿರುಗುವ ಗಾಡಿಯೊಳಗೆ ಕೆಸರು ಬಂದೇ ಬರುತ್ತದೆ. ಆಯುಧಪೂಜೆಗೆ ಪೈಪ್ ಹಿಡಿದು ತೊಳೆಯುವುದೂ ಇದೆಯಲ್ವಾ?

ಸೀಟು ಬಿಚ್ಚಿ ಕಾರ್ಪೆಟ್ ಎತ್ತಿದಾಗ ಅದರಡಿಯ ಫೆಲ್ಟ್ ಹಸಿಯಾಗೇ ಇತ್ತು. ಮೇಲೆ ಒಣಗಿದಂತೆ ಕಂಡರೂ ಒಳಗೆ ನೀರು ಹಿಡಿದುಕೊಂಡಿತ್ತು. ಡ್ರೈವರ್ ಕಾಲಿನ ಕೆಳಗೆ ತಗಡು ತೂತು ಬಿದ್ದಿತ್ತು. ಟಿಂಕರ್ ನೋಡಿ, "ಸದ್ದು ತಡೆಯೋ ಟಾರ್ ಶೀಟ್ ಮುಚ್ಚಿದ್ರೆ ಗೊತ್ತಾಗಲ್ಲ ಕಣಣ್ಣ, ಆದ್ರೆ ಒಳಗೊಳಗೇ ತಿನ್ಕೊಂಡ್ ಹೋಗ್ತದೆ" ಅಂದ. ಕೊಳೆತ ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿದೆ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಬಿಚ್ಚಿ. ಕೆಳಗೆ ಡೀಸೆಲ್ ಪೈಪ್, ಬ್ರೇಕ್ ಪೈಪ್ ಎಲ್ಲಿ ಹೋಗಿವೆ ಅಂತ ನೋಡಿಕೊಳ್ಳಿ.

ಉಳಿದ ತುಕ್ಕನ್ನು ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಉಜ್ಜಿದೆ. ಸಂದಿಗಳಿಗೆ ಉಳಿದ ತುಕ್ಕನ್ನು ಗಟ್ಟಿ ಪದರವಾಗಿಸುವ ರಸ್ಟ್ ಕನ್ವರ್ಟರ್ ಬಳಿದೆ, ತಗಡಿನ ಜೋಡಣೆಗಳಿಗೆ ನೀರು ನುಗ್ಗದಂತೆ ಸೀಲರ್ ಎಳೆದೆ, ಆಮೇಲೆ ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್. ಈ ಕೆಲಸವೇ ಅತಿ ಹೆಚ್ಚು ಸಮಯ ತಿನ್ನುತ್ತದೆ, ತಿನ್ನಲಿ. ಇಲ್ಲಿ ಅವಸರ ಮಾಡಿದರೆ ಮೇಲೆ ಎಷ್ಟು ದುಬಾರಿ ಮಾಲು ಹಾಕಿದರೂ ಸಿಪ್ಪೆಯಂತೆ ಎದ್ದು ಬರುತ್ತದೆ.

ಕೋಟಿಂಗ್‌ಗೆ ಪಿಕಪ್ ಗಾಡಿಗಳ ತೊಟ್ಟಿಗೆ ಹೊಡೆಯುವ ಪಾಲಿಯುರೆಥೇನ್ ತಂದೆ. ಮೂರು ಪಾಲು ಮಾಲಿಗೆ ಒಂದು ಪಾಲು ಹಾರ್ಡನರ್, ಅಂದರೆ ಅದನ್ನು ಗಟ್ಟಿಯಾಗಿಸುವ ದ್ರವ. ಬೆರೆಸಿದ ಮೇಲೆ ಇಟ್ಟುಕೊಳ್ಳುವ ಹಾಗಿಲ್ಲ, ಗಟ್ಟಿಯಾಗುತ್ತಾ ಹೋಗುತ್ತದೆ. ಅದಕ್ಕೇ ಸ್ವಲ್ಪ ಸ್ವಲ್ಪವೇ ಬೆರೆಸಿದೆ. ಹಾರ್ಡನರಿನಲ್ಲಿ ಐಸೊಸೈನೇಟ್ ಅನ್ನುವ ರಾಸಾಯನಿಕ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಬಟ್ಟೆ ಮಾಸ್ಕ್ ಸಾಲದು, ಪೇಂಟ್ ಹೊಡೆಯುವವರು ಹಾಕುವ ಕಾರ್ಟ್ರಿಜ್ ಮಾಸ್ಕ್ ಬೇಕೇ ಬೇಕು. ಬಾಗಿಲು ತೆರೆದ ಶೆಡ್ಡಿನಲ್ಲೇ ಹೊಡೆಯಿರಿ. ಸೀಟಿನ ಮತ್ತು ಬೆಲ್ಟಿನ ಬೋಲ್ಟ್ ತೂತು, ಅರ್ಥಿಂಗ್ ವೈರ್ ಕೂರುವ ಜಾಗ, ನೀರು ಇಳಿಯುವ ತೂತು, ಇವಕ್ಕೆಲ್ಲ ಮೊದಲೇ ಟೇಪ್ ಅಂಟಿಸಿ ಮುಚ್ಚಿ. ಕಾಲಿಡುವ ತಗ್ಗಿನಲ್ಲಿ ಒರಟಾಗಿ, ದಪ್ಪಗೆ ಹೊಡೆದೆ. ಶೀಟು ಅಂಟಿಸುವ ಕಡೆ ಮಾತ್ರ ಥಿನ್ನರ್ ಬೆರೆಸಿ ತೆಳುವಾಗಿ, ನಯವಾಗಿ ಬಳಿದೆ. ಒರಟು ಮೈಗೆ ಶೀಟು ಸರಿಯಾಗಿ ಕಚ್ಚುವುದಿಲ್ಲ. ಪೂರ್ತಿ ಗಟ್ಟಿಯಾಗಲಿ ಅಂತ ಒಂದು ವಾರ ಗಾಡಿ ಮುಟ್ಟಲಿಲ್ಲ. ಇದಕ್ಕೆಲ್ಲ ಮಳೆಗೆ ಮುಂಚಿನ ಒಣ ದಿನಗಳೇ ಒಳ್ಳೆಯದು.

ಈಗ ಸದ್ದಿನ ವಿಷಯ. ಅಲ್ಯುಮಿನಿಯಂ ಹಾಳೆ ಹಚ್ಚಿದ 2 ಮಿ.ಮೀ. ಬ್ಯುಟೈಲ್ ಶೀಟ್ (ಅಂಟುವ ರಬ್ಬರ್ ಹಾಳೆ) ತೆಗೆದುಕೊಂಡೆ. ಅಗ್ಗದ ಟಾರ್ ಶೀಟು ನಮ್ಮ ಏಪ್ರಿಲ್ ಬಿಸಿಲಿಗೆ, ಗೇರ್‌ಬಾಕ್ಸ್ ಕಾವಿಗೆ ಮೆತ್ತಗಾಗಿ ವಾಸನೆ ಹೊಡೆಯುತ್ತದೆ. ಬ್ಯುಟೈಲ್ ಮಾಡುವುದು ತಗಡಿನ ನಡುಕ ಹೀರುವ ಕೆಲಸ, ಹಾಗಾಗಿ ಮೂಲೆ ಮೂಲೆಗೂ ಅಂಟಿಸಬೇಕಿಲ್ಲ. ಬೆರಳಲ್ಲಿ ತಟ್ಟಿ ನೋಡಿ, ಟಣ್ ಅನ್ನುವ ಕಡೆ ಹಾಕಿ. ದಪ್ ಅಂದರೆ ಸಾಕು. ಸುಮ್ನೆ ಜಾಸ್ತಿ ಹಾಕಿದರೆ ದುಡ್ಡೂ ದಂಡ, ತೂಕವೂ ದಂಡ. ಗೇರ್‌ಬಾಕ್ಸ್ ಮೇಲಿನ ಉಬ್ಬು, ಹಿಂದಿನ ಚಕ್ರದ ಮೇಲಿನ ಪೆಟ್ಟಿಗೆ, ಎಂಜಿನ್ ಕಡೆಯ ಗೋಡೆ, ಇಷ್ಟಕ್ಕೇ ಹಾಕಿ ರೋಲರಿನಲ್ಲಿ ಗಾಳಿ ಉಳಿಯದಂತೆ ಒತ್ತಿದೆ. ನೀರು ನಿಲ್ಲುವ ತಗ್ಗಿನಲ್ಲಿ ಏನೂ ಅಂಟಿಸಲಿಲ್ಲ. ಅಲ್ಲಿ ನೀರು ಹೀರದ ಕ್ಲೋಸ್ಡ್ ಸೆಲ್ ಫೋಮನ್ನು ಅಳತೆಗೆ ಕತ್ತರಿಸಿ ಹಾಸಿ, ಮೇಲೆ ದಪ್ಪ ರಬ್ಬರ್ ಮ್ಯಾಟ್ ಹಾಕಿದೆ. ಎರಡನ್ನೂ ಎತ್ತಿ ಬಿಸಿಲಿಗೆ ಹಾಕಬಹುದು.

ತಗಡಿನ ಗುಂಯ್ ಅನ್ನುವ ಸದ್ದು ಹೋಯಿತು. ಕಾಲಿಗೆ ತಾಗುತ್ತಿದ್ದ ಕಾವೂ ಕಡಿಮೆಯಾಯಿತು. ಟಾಪಿನ ಬಟ್ಟೆ ಪಟಪಟ ಅನ್ನುವುದು, ಟೈರ್ ಸದ್ದು ಹಾಗೇ ಇವೆ. ಫ್ಲೋರ್ ಕೆಲಸದಿಂದ ಅವು ಹೋಗುವುದೂ ಇಲ್ಲ. ಆದರೆ ಎಂಜಿನ್ ಸದ್ದು ಇನ್ನೂ ಜಾಸ್ತಿ ಅನ್ನಿಸಿದರೆ ಇನ್ನೊಂದು ಪದರ ಹಾಕುವ ಮುಂಚೆ ಗೇರ್ ಲಿವರ್ ಬುಡದ ರಬ್ಬರ್ ಬೂಟ್ ನೋಡಿ. ನಮ್ಮದು ಹರಿದಿತ್ತು. ಸದ್ದು, ಹೊಗೆ, ಧೂಳು ಎಲ್ಲ ಅದೇ ದಾರಿಯಲ್ಲಿ ಬರುತ್ತಿದ್ದವು. ಅದನ್ನು ಬದಲಿಸಿ, ವೈರ್‌ಗಳು ಒಳಬರುವ ತೂತುಗಳಿಗೆ ಗ್ರಾಮೆಟ್ (ರಬ್ಬರ್ ಬಳೆ) ಹಾಕಿದ ಮೇಲೆ ಮೇಲುಕೋಟೆ ದಾರಿಯಲ್ಲಿ ಕೂಗದೇ ಮಾತಾಡುತ್ತಿದ್ದೇವೆ.